ಡಿ ಆಂಜಾ ಮುಗಿಸಿ ಅಕೌಂಟಿಂಗ್‌ಗೆ ಎಲ್ಲಿ ಸೇರುವುದು? ಬಲ್ಲವರು ದಯವಿಟ್ಟು ತಿಳಿಸಿ

ಸನ್ನಿವೇಲ್ ತಾಯಿ

ಎಲ್ಲರಿಗೂ ನಮಸ್ಕಾರ. ನನ್ನ ಮಗ ಕ್ಯಾಲಿಫೋರ್ನಿಯಾದ ಕೂಪರ್ಟಿನೋದ ಡಿ ಆಂಜಾ ಕಮ್ಯುನಿಟಿ ಕಾಲೇಜಿನಲ್ಲಿ (ಎರಡು ವರ್ಷ ಓದಿ ಯೂನಿವರ್ಸಿಟಿಗೆ ಹೋಗುವ ಕಾಲೇಜು) ಮೊದಲ ವರ್ಷ ಮುಗಿಸಿದ್ದಾನೆ. ಜಿಪಿಎ (ಅಂಕಗಳ ಸರಾಸರಿ) ನಾಲ್ಕಕ್ಕೆ 3.8 ಇದೆ. ಮುಂದಿನ ವರ್ಷ ಯೂನಿವರ್ಸಿಟಿಗೆ ಟ್ರಾನ್ಸ್‌ಫರ್ ಆಗಬೇಕು. ಅಕೌಂಟಿಂಗ್ ಓದಿ ಸಿಪಿಎ (ಇಲ್ಲಿನ ಪರವಾನಗಿ ಪಡೆದ ಲೆಕ್ಕಪರಿಶೋಧಕ) ಆಗುತ್ತೇನೆ ಎನ್ನುತ್ತಾನೆ. ನಮ್ಮ ಯಜಮಾನರ ಕಿವಿಗೆ ಬರ್ಕ್ಲಿ ಬಿಟ್ಟರೆ ಬೇರೆ ಹೆಸರು ಬೀಳುವುದೇ ಇಲ್ಲ. ಮೊನ್ನೆ ಹಬ್ಬದ ಊಟದ ಸಾಲಿನಲ್ಲಿ ಒಬ್ಬರು "ಅಯ್ಯೋ, ಕಮ್ಯುನಿಟಿ ಕಾಲೇಜೇ? ಕಂಪ್ಯೂಟರ್ ಸೀಟು ಸಿಗಲಿಲ್ಲವೇ?" ಎಂದು ಕೇಳಿದರು. ಮಗ ತಟ್ಟೆ ಹಿಡಿದುಕೊಂಡು ಪಕ್ಕದಲ್ಲೇ ನಿಂತಿದ್ದ.

ಅವನು ಇದುವರೆಗೆ ಮುಗಿಸಿರುವುದು ಎರಡೂ ಎಕನಾಮಿಕ್ಸ್, ಇಂಗ್ಲಿಷ್, ಮ್ಯಾಥ್ 1ಎ ಮತ್ತು ಅಕೌಂಟಿಂಗ್ 1ಎ. ನಾವು ಎಚ್-1ಬಿ ಕೆಲಸದ ವೀಸಾದಲ್ಲಿದ್ದೇವೆ, ಅವನದು ಅವಲಂಬಿತರ ಎಚ್-4, ಮಾರ್ಚ್‌ಗೆ ಇಪ್ಪತ್ತು ತುಂಬುತ್ತದೆ. ಬರ್ಕ್ಲಿ ಸಾಧ್ಯವೇ? ಇಲ್ಲವಾದರೆ ಯಾವುದು ಒಳ್ಳೆಯದು? ಈ ಸೆಪ್ಟೆಂಬರ್‌ನಲ್ಲಿ ಏನು ಮಾಡಬೇಕು?

ತಾಳೆಪಟ್ಟಿ

ಮೇಡಂ, ನಾನು ಸ್ಯಾನ್ ಹೊಸೆಯಲ್ಲಿ ಸಿಪಿಎ. ನಮ್ಮ ಕಚೇರಿಗೆ ಬರುವ ಹೊಸಬರ ಅರ್ಜಿಗಳನ್ನು ನೋಡುವ ಕೆಲಸವೂ ನನ್ನದೇ. ಯಜಮಾನರಿಗೆ ಮೊದಲು ಒಂದು ಮಾತು ಹೇಳಿ: ಬರ್ಕ್ಲಿಯಲ್ಲಿ ಬಿ.ಎಸ್. ಹಂತದಲ್ಲಿ ಅಕೌಂಟಿಂಗ್ ಎಂಬ ಮೇಜರ್ (ಪದವಿಯ ಮುಖ್ಯ ವಿಷಯ) ಇಲ್ಲ. ಅಲ್ಲಿರುವುದು ಹಾಸ್ ಶಾಲೆಯ ಬಿಸಿನೆಸ್ ಅಡ್ಮಿನಿಸ್ಟ್ರೇಷನ್, ಅದರೊಳಗೆ ಕೆಲವು ಅಕೌಂಟಿಂಗ್ ಕೋರ್ಸ್‌ಗಳು. ಯುಸಿಎಲ್‌ಎಯಲ್ಲೂ ಅಕೌಂಟಿಂಗ್ ಮೇಜರ್ ಇಲ್ಲ. ಬಿಸಿನೆಸ್ ಎಕನಾಮಿಕ್ಸ್ ಓದಿ ಜೊತೆಗೆ ಅಕೌಂಟಿಂಗ್ ಮೈನರ್ (ಉಪವಿಷಯ) ತೆಗೆದುಕೊಳ್ಳಬೇಕು. ಊರೆಲ್ಲ ಹೊಗಳುವ ಎರಡು ಕ್ಯಾಂಪಸ್‌ಗಳಲ್ಲಿ ನಿಮ್ಮ ಮಗನಿಗೆ ಬೇಕಾದ ವಿಷಯ ಆ ಹೆಸರಿನಲ್ಲೇ ಇಲ್ಲ. ಅಲ್ಲಿ ಓದಿದವರು ಸಿಪಿಎ ಆಗುವುದಿಲ್ಲ ಎಂದಲ್ಲ, ಧಾರಾಳವಾಗಿ ಆಗುತ್ತಾರೆ. ಆದರೆ ಪರವಾನಗಿಗೆ ಬೇಕಾದ, ಕೋರ್ಸ್ ಮುಗಿಸಿದಾಗ ಸಿಗುವ ಅಕೌಂಟಿಂಗ್ ಯೂನಿಟ್‌ಗಳನ್ನು ಅಲ್ಲಿಂದ ಇಲ್ಲಿಂದ ಹೆಕ್ಕಿ ತಾವೇ ಕೂಡಿಸಿಕೊಳ್ಳಬೇಕಾಗುತ್ತದೆ.

ಅಕೌಂಟಿಂಗೇ ಬೇಕೆನ್ನುವವರು ಯುಸಿಗಳ (ಬರ್ಕ್ಲಿ, ಯುಸಿಎಲ್‌ಎ ಸೇರಿದ ಯೂನಿವರ್ಸಿಟಿ ಆಫ್ ಕ್ಯಾಲಿಫೋರ್ನಿಯಾದ ಕ್ಯಾಂಪಸ್‌ಗಳ) ಪೈಕಿ ಸಾಂಟಾ ಬಾರ್ಬರಾ ನೋಡಬೇಕು. ಅಲ್ಲಿ 'ಎಕನಾಮಿಕ್ಸ್ ಅಂಡ್ ಅಕೌಂಟಿಂಗ್' ಎಂಬ ಮೇಜರೇ ಇದೆ. ಖಾಸಗಿಯಲ್ಲಿ ಯುಎಸ್‌ಸಿಯ ಲೆವೆಂತಾಲ್ ಅಕೌಂಟಿಂಗ್ ಶಾಲೆ ಇದೆ, ಶುಲ್ಕ ಕೇಳಿದರೆ ಎದೆ ಧಸಕ್ಕೆನ್ನುತ್ತದೆ. ಇನ್ನು ನಿಮ್ಮ ಮನೆಯ ಪಕ್ಕದಲ್ಲೇ ಸ್ಯಾನ್ ಹೊಸೆ ಸ್ಟೇಟ್ ಇದೆಯಲ್ಲ, ಅದನ್ನು ಯಾರೂ ಊಟದ ಸಾಲಿನಲ್ಲಿ ಹೊಗಳುವುದಿಲ್ಲ. ಈ ಕಣಿವೆಯ ಆಡಿಟ್ ಕಚೇರಿಗಳಲ್ಲಿ ಅಲ್ಲಿ ಓದಿದವರು ತುಂಬಿದ್ದಾರೆ.

ಹಾಸ್‌ಗೆ ಅರ್ಜಿ ಹಾಕಬೇಡಿ ಎನ್ನುತ್ತಿಲ್ಲ. ಟ್ರಾನ್ಸ್‌ಫರ್ ಅರ್ಜಿ ಹಾಕಿದವರಲ್ಲಿ ನೂರಕ್ಕೆ ಹತ್ತು ಮಂದಿಗೂ ಅಲ್ಲಿ ಸೀಟು ಸಿಗುವುದಿಲ್ಲ. ಹಾಕಿ, ಮರೆತುಬಿಡಿ.

ಎರಡನೇ ಬೆಂಚು

ಆಂಟಿ, ನಾನು ಕಮ್ಯುನಿಟಿ ಕಾಲೇಜಿನಿಂದಲೇ ಸಾಂಟಾ ಬಾರ್ಬರಾಗೆ ಬಂದವಳು, ಈಗ ಕೊನೆಯ ವರ್ಷ. ಸೆಪ್ಟೆಂಬರ್ ಎಂದ ಕೂಡಲೇ ನೆನಪಾಗಬೇಕಾದದ್ದು ಟ್ಯಾಗ್, ಅಂದರೆ ಟ್ರಾನ್ಸ್‌ಫರ್ ಅಡ್ಮಿಷನ್ ಗ್ಯಾರಂಟಿ. ಡೇವಿಸ್, ಅರ್ವೈನ್, ಮರ್ಸೆಡ್, ರಿವರ್‌ಸೈಡ್, ಸಾಂಟಾ ಬಾರ್ಬರಾ, ಸಾಂಟಾ ಕ್ರೂಸ್ ಈ ಆರು ಕ್ಯಾಂಪಸ್‌ಗಳು ಕೊಡುತ್ತವೆ. ಬರ್ಕ್ಲಿ, ಲಾಸ್ ಏಂಜಲೀಸ್, ಸ್ಯಾನ್ ಡಿಯೇಗೊ ಕೊಡುವುದಿಲ್ಲ. ಆರರಲ್ಲಿ ಒಂದಕ್ಕೆ ಮಾತ್ರ ಹಾಕಬಹುದು, ಸೆಪ್ಟೆಂಬರ್ 1ರಿಂದ 30ರೊಳಗೆ. ಒಂದು ದಿನ ತಡವಾದರೂ ಆ ವರ್ಷದ ಮಟ್ಟಿಗೆ ಬಾಗಿಲು ಮುಚ್ಚಿತು. ಯಾವ ಮೇಜರ್‌ಗೆ ಎಷ್ಟು ಜಿಪಿಎ, ಯಾವ ಕೋರ್ಸ್ ಎಂಬುದು ಆಯಾ ವರ್ಷದ ಪಟ್ಟಿಯಲ್ಲಿರುತ್ತದೆ. ಹಳೆಯ ಪಟ್ಟಿ ನೋಡಬೇಡಿ.

ಟ್ಯಾಗ್ ಹಾಕಿದರೆ ಸಾಲದು, ನಿಜವಾದ ಅರ್ಜಿಯನ್ನೂ ಅಕ್ಟೋಬರ್ 1ರಿಂದ ನವೆಂಬರ್ ಕೊನೆಯೊಳಗೆ ಸಲ್ಲಿಸಬೇಕು. ಅದರಲ್ಲಿ ನಾಲ್ಕು ಪ್ರಶ್ನೆ, ತಲಾ 350 ಪದ. ಮೂರನ್ನು ನಾವೇ ಆರಿಸಿಕೊಳ್ಳಬಹುದು, ಒಂದು ಮಾತ್ರ ಟ್ರಾನ್ಸ್‌ಫರ್‌ನವರಿಗೆಲ್ಲ ಕಡ್ಡಾಯ: ನಿನ್ನ ಮೇಜರ್‌ಗೆ ಹೇಗೆ ಸಿದ್ಧನಾಗಿದ್ದೀಯ? ಬಹಳ ಜನ ಅಲ್ಲಿ "ಚಿಕ್ಕಂದಿನಿಂದಲೂ ನನಗೆ ಸಂಖ್ಯೆಗಳೆಂದರೆ ಇಷ್ಟ" ಎಂದು ಶುರುಮಾಡುತ್ತಾರೆ. ಓದುವವರಿಗೆ ಆಕಳಿಕೆ ಬರದೆ ಇರುತ್ತದೆಯೇ? ಶಿಫಾರಸು ಪತ್ರ ಕೇಳುವುದಿಲ್ಲ, ಎಸ್‌ಎಟಿ ಪ್ರವೇಶ ಪರೀಕ್ಷೆಯೂ ಬೇಡ. ಇರುವುದು ಅಂಕಪಟ್ಟಿ ಮತ್ತು ಈ ನಾಲ್ಕು ಉತ್ತರ. ಜನವರಿಯಲ್ಲಿ ಹೊಸ ಅಂಕಗಳನ್ನು ಸೇರಿಸಿ ಅಪ್‌ಡೇಟ್ ಕಳಿಸಬೇಕು. ಅದನ್ನು ಮರೆಯುವವರೂ ಇದ್ದಾರೆ.

ಸನ್ನಿವೇಲ್ ತಾಯಿ

ಟ್ಯಾಗ್ ವಿಷಯ ಮಗನಿಗೆ ಗೊತ್ತಿತ್ತಂತೆ, ನಮಗೆ ಹೇಳಿರಲಿಲ್ಲ. ಬರ್ಕ್ಲಿ ಇಲ್ಲದ ಪಟ್ಟಿ ತೋರಿಸಿದರೆ ಅಪ್ಪ ಬೈಯುತ್ತಾರೆ ಎಂದು ಸುಮ್ಮನಿದ್ದನಂತೆ. ತಾಳೆಪಟ್ಟಿ ಸರ್, ಇನ್ನು ಯಾವ ಕೋರ್ಸ್ ಬಾಕಿ ಎಂದು ತಿಳಿಯುವುದು ಹೇಗೆ? ಒಬ್ಬೊಬ್ಬರು ಒಂದೊಂದು ಹೇಳುತ್ತಾರೆ.

ತಾಳೆಪಟ್ಟಿ

ಯಾರ ಮಾತನ್ನೂ ಕೇಳಬೇಡಿ, ನನ್ನದನ್ನೂ ಸೇರಿಸಿ. ಅಸಿಸ್ಟ್ ಎಂಬ ಸರ್ಕಾರಿ ಜಾಲತಾಣವಿದೆ. ಎಡಗಡೆ ಯೂನಿವರ್ಸಿಟಿ ಕೇಳುವ ಕೋರ್ಸ್, ಬಲಗಡೆ ಅದಕ್ಕೆ ಸರಿಹೊಂದುವ ಡಿ ಆಂಜಾ ಕೋರ್ಸ್. ಮಗ ಹಾಕಬೇಕೆಂದಿರುವ ಪ್ರತಿಯೊಂದು ಕ್ಯಾಂಪಸ್, ಪ್ರತಿಯೊಂದು ಮೇಜರ್‌ನ ಪುಟವನ್ನೂ ಪ್ರಿಂಟ್ ತೆಗೆದು ಮೇಜಿನ ಮೇಲೆ ಹರಡಿ, ಮುಗಿದದ್ದಕ್ಕೆ ಹಸಿರು ಗೆರೆ, ಬಾಕಿಗೆ ಕೆಂಪು ಗೆರೆ ಎಳೆಯಲಿ. ಎಲ್ಲ ಹಾಳೆಯಲ್ಲೂ ಕೆಂಪಾಗಿರುವ ಕೋರ್ಸ್ ಯಾವುದೋ ಅದು ಈ ಮೂರು ತಿಂಗಳ ಕ್ವಾರ್ಟರ್‌ಗೆ. ಸಾಮಾನ್ಯವಾಗಿ ಅದು ಕ್ಯಾಲ್ಕುಲಸ್‌ನ ಎರಡನೇ ಭಾಗವೋ ಸ್ಟಾಟಿಸ್ಟಿಕ್ಸೋ ಆಗಿರುತ್ತದೆ. ಅಕೌಂಟಿಂಗ್ ಓದಲು ಕ್ಯಾಲ್ಕುಲಸ್ ಏಕೆ ಎಂದು ಹುಡುಗರು ಗೊಣಗುತ್ತಾರೆ. ನಿಜ ಹೇಳಬೇಕೆಂದರೆ ಕಚೇರಿಯಲ್ಲಿ ಇದುವರೆಗೆ ಯಾರೂ ನನ್ನನ್ನು ಇಂಟಿಗ್ರೇಷನ್ ಮಾಡು ಎಂದಿಲ್ಲ. ಅರ್ಜಿಗಳನ್ನು ಜರಡಿ ಹಿಡಿಯುವುದಕ್ಕೆ ಅವರಿಗೆ ಏನಾದರೂ ಬೇಕು, ಅಷ್ಟೇ.

ಬಹಳ ಮುಖ್ಯವಾದ ಇನ್ನೊಂದು ಸಂಗತಿ. ಡಿ ಆಂಜಾದಲ್ಲಿ ಕ್ವಾರ್ಟರ್ ಪದ್ಧತಿ. ಅಕೌಂಟಿಂಗ್ ಅಲ್ಲಿ 1ಎ, 1ಬಿ, 1ಸಿ ಎಂದು ಮೂರು ತುಂಡಾಗಿದೆ. ಮೊದಲೆರಡು ಫೈನಾನ್ಷಿಯಲ್, ಮೂರನೆಯದು ಮ್ಯಾನೇಜೀರಿಯಲ್. ಸೆಮಿಸ್ಟರ್ ಕಾಲೇಜುಗಳಲ್ಲಿ ಇದೇ ಪಾಠ ಎರಡು ತುಂಡು. ಬೇಸಿಗೆಯಲ್ಲಿ ಬೇಗ ಮುಗಿಸುವ ಆಸೆಗೆ 1ಎ ಒಂದು ಕಡೆ, ಉಳಿದದ್ದು ಸೆಮಿಸ್ಟರ್ ಕಾಲೇಜಿನಲ್ಲಿ ಎಂದು ಹಂಚಿದರೆ ಎರಡೂ ಕಡೆಯ ಕೊನೆಗಳು ಕೂಡುವುದಿಲ್ಲ. ಸರಣಿ ಎಲ್ಲಿ ಆರಂಭವಾಯಿತೋ ಅಲ್ಲೇ ಮುಗಿಯಬೇಕು. ನಮ್ಮ ಪರಿಚಯದ ಹುಡುಗಿಯೊಬ್ಬಳು ಹೀಗೆ ಹಂಚಿಕೊಂಡು, ಕೊನೆಗೆ ಮೊದಲ ಕೋರ್ಸಿನಿಂದ ಮತ್ತೆ ಓದಬೇಕಾಯಿತು. ಎರಡೂ ಕಾಲೇಜಿನವರು "ನಮ್ಮ ಕಡೆಯಿಂದ ಸರಿಯಾಗಿಯೇ ಇದೆ" ಎಂದರು, ಅದು ನಿಜವೂ ಆಗಿತ್ತು.

ಒಟ್ಟು 90 ಕ್ವಾರ್ಟರ್ ಯೂನಿಟ್ ವರ್ಗಾವಣೆಗೆ ಅರ್ಹವಾಗಿರಬೇಕು, ಅದೂ ವಸಂತದ ಕ್ವಾರ್ಟರ್ ಮುಗಿಯುವುದರೊಳಗೆ. ಜೂನ್ ನಂತರ ಬೇಸಿಗೆಯಲ್ಲಿ ತುಂಬಿಕೊಳ್ಳುತ್ತೇನೆ ಎಂದರೆ ನಡೆಯುವುದಿಲ್ಲ. ಅವನು ಕಳೆದ ವರ್ಷ ಸೇರಿದ್ದರಿಂದ ಸಾಮಾನ್ಯ ವಿಷಯಗಳಿಗೆ (ಮೇಜರ್ ಯಾವುದಾದರೂ ಓದಬೇಕಾದವು) ಕ್ಯಾಲ್-ಗೆಟ್‌ಸಿ ಎಂಬ ಪಟ್ಟಿ ಅನ್ವಯಿಸುತ್ತದೆ. 2025ರ ಶರತ್ಕಾಲಕ್ಕಿಂತ ಮೊದಲಿದ್ದ ಐಗೆಟ್‌ಸಿ ಪಟ್ಟಿ ಹಿಡಿದು ಸಲಹೆ ಕೊಡುವ ಅಣ್ಣಂದಿರನ್ನು ನಂಬಬೇಡಿ.

ಸಾಗರದ ಅಜ್ಜ

ನಾನು ಸಾಗರದ ಕಡೆ ಸಹಕಾರಿ ಬ್ಯಾಂಕಿನಲ್ಲಿ ಕಿರ್ದಿ, ಖಾತೆ ಬರೆದು ನಿವೃತ್ತನಾದವನು. ಮಗನ ಮನೆಗೆ ಬಂದಿದ್ದೇನೆ. ಮೊಮ್ಮಗಳೂ ಇದೇ 1ಎ ಓದುತ್ತಿದ್ದಾಳೆ. ಬ್ಯಾಂಕ್ ರಿಕನ್ಸಿಲಿಯೇಷನ್ ಲೆಕ್ಕದಲ್ಲಿ ಒಂಬತ್ತು ಡಾಲರ್ ತಾಳೆಯಾಗದೆ ಅಳುತ್ತಾ ಕುಳಿತಿದ್ದಳು. ವ್ಯತ್ಯಾಸ ಒಂಬತ್ತರಿಂದ ಭಾಗವಾದರೆ ಅಂಕಿ ಅದಲುಬದಲಾಗಿರಬಹುದು, ಮೊದಲು ಅದನ್ನು ಹುಡುಕು ಎಂದೆ. 54 ಇರಬೇಕಾದ ಕಡೆ 45 ಬರೆದಿದ್ದಳು. ಈಗ ಅವಳ ಗೆಳೆಯರು ನನಗೆ ವಿಡಿಯೋ ಕರೆ ಮಾಡುತ್ತಾರೆ. ಟ್ರಾನ್ಸ್‌ಫರ್ ವಿಚಾರ ನನಗೆ ತಿಳಿಯದು, ಅಡ್ಜಸ್ಟಿಂಗ್ ಎಂಟ್ರಿ ತಿಳಿಯದವರಿದ್ದರೆ ಬೆಳಗ್ಗೆ ಹೊತ್ತು ಬಿಡುವಾಗಿರುತ್ತೇನೆ.

ಎರಡನೇ ಬೆಂಚು

ಅಜ್ಜ, ನೀವು ಮೊದಲೇ ಸಿಕ್ಕಿದ್ದರೆ!

ಬೇಡದ ಸಲಹೆಗಾರ

ಇಷ್ಟೆಲ್ಲ ಒದ್ದಾಟ ಯಾಕೆ? ಊರಿಗೆ ಕಳಿಸಿ ಸಿಎ ಮಾಡಿಸಿ. ಖರ್ಚೂ ಕಡಿಮೆ, ಗೌರವವೂ ಹೆಚ್ಚು. ಇಲ್ಲದಿದ್ದರೆ ಕಂಪ್ಯೂಟರ್ ಓದಲಿ. ಲೆಕ್ಕ ಬರೆಯುವ ಕೆಲಸವನ್ನೆಲ್ಲ ಇನ್ನೈದು ವರ್ಷದಲ್ಲಿ ಯಂತ್ರ ಮಾಡುತ್ತದೆ.

ತಾಳೆಪಟ್ಟಿ

ರಾಯರೇ, ಕಂಪ್ಯೂಟರ್ ಓದಿದ ಮಕ್ಕಳು ಕೆಲಸಕ್ಕೆ ಅಲೆಯುವುದನ್ನು ಇದೇ ಊರಿನಲ್ಲಿ ನೋಡುತ್ತಿದ್ದೇವೆ, ಯಂತ್ರದ ಮಾತು ಅಲ್ಲಿಗೇ ಬಿಡೋಣ. ಸಿಎ ಬಹಳ ದೊಡ್ಡ ಓದು, ಒಪ್ಪುತ್ತೇನೆ. ಆದರೆ ಅಮೆರಿಕದಲ್ಲಿ ಆಡಿಟ್ ವರದಿಗೆ ಸಹಿ ಹಾಕಲು ಬೇಕಾಗಿರುವುದು ಸಿಪಿಎ ಪರವಾನಗಿ. ಹುಡುಗ ಬೆಳೆದದ್ದು ಇಲ್ಲಿ, ಇರಬೇಕೆಂದಿರುವುದೂ ಇಲ್ಲಿ. ಒಂದು ವೇಳೆ ಬೆಂಗಳೂರಿಗೆ ಹೋಗಬೇಕಾಗಿ ಬಂದರೂ ಸಿಪಿಎ ಪರೀಕ್ಷೆಯನ್ನು 2020ರಿಂದ ಭಾರತದಲ್ಲೇ, ಬೆಂಗಳೂರಿನಲ್ಲೂ ಬರೆಯಬಹುದು.

ಪರೀಕ್ಷೆ ನಾಲ್ಕು ಪತ್ರಿಕೆ. 2024ರ ಜನವರಿಯಿಂದ ಆಡಿಟಿಂಗ್, ಫೈನಾನ್ಷಿಯಲ್, ತೆರಿಗೆ ಮೂರೂ ಕಡ್ಡಾಯ, ನಾಲ್ಕನೆಯದನ್ನು ಮೂರು ವಿಭಾಗಗಳಿಂದ ಆರಿಸಿಕೊಳ್ಳಬೇಕು. ಪರವಾನಗಿಗೆ ಬಹುಕಾಲ 150 ಸೆಮಿಸ್ಟರ್ ಯೂನಿಟ್ ಎಂಬ ನಿಯಮವಿತ್ತು. ಬಿ.ಎ. ಪದವಿಗೆ 120 ಸಾಕಾಗುವಾಗ ಉಳಿದ 30ಕ್ಕಾಗಿ ಸ್ನಾತಕೋತ್ತರಕ್ಕೆ ಹಣ ಸುರಿಯುತ್ತಿದ್ದರು. 2025ರ ಜನವರಿಯಲ್ಲಿ ಒಹಾಯೋ ಮೊದಲು ಇದನ್ನು ಸಡಿಲಿಸಿತು: ಪದವಿ, ಎರಡು ವರ್ಷದ ಅನುಭವ, ಪರೀಕ್ಷೆ ಇಷ್ಟಿದ್ದರೂ ಸಾಕು. ಆ ವರ್ಷವೇ ಕ್ಯಾಲಿಫೋರ್ನಿಯಾ ಸೇರಿ ಹಲವು ರಾಜ್ಯಗಳು ಅದೇ ದಾರಿ ಹಿಡಿದವು. ಯಾರಾದರೂ ಐದನೇ ವರ್ಷ ಕಡ್ಡಾಯ ಎಂದರೆ ಪರವಾನಗಿ ಕೊಡುವ ರಾಜ್ಯ ಮಂಡಳಿಯ ಈಗಿನ ನಿಯಮ ಓದಿ ಎನ್ನಿ.

ದಾವಣಗೆರೆ ಹುಡುಗ

ಸರ್, ನಾನು ದಾವಣಗೆರೆಯಲ್ಲಿ ದ್ವಿತೀಯ ಪಿಯುಸಿ ಕಾಮರ್ಸ್ ಮುಗಿಸಿದ್ದೇನೆ. ಕಮ್ಯುನಿಟಿ ಕಾಲೇಜು ಅಗ್ಗ ಎಂದು ಕೇಳಿದ್ದೇನೆ. ಎಫ್-1 ವಿದ್ಯಾರ್ಥಿ ವೀಸಾದಲ್ಲಿ ನೇರವಾಗಿ ಅಲ್ಲಿಗೇ ಬರಬಹುದೇ?

ತಾಳೆಪಟ್ಟಿ

ಬರಬಹುದು ತಮ್ಮಾ, ಆದರೆ ಅಗ್ಗ ಎಂಬುದು ಇಲ್ಲಿನ ನಿವಾಸಿಗಳಿಗೆ. ಅವರಿಗೆ ಡಿ ಆಂಜಾದಲ್ಲಿ ಕ್ವಾರ್ಟರ್ ಯೂನಿಟ್‌ಗೆ 31 ಡಾಲರ್, 90 ಯೂನಿಟ್ ಎಂದರೆ ಸಣ್ಣಪುಟ್ಟ ಶುಲ್ಕ ಬಿಟ್ಟು 2,790 ಡಾಲರ್. ಹೊರದೇಶದವರಿಗೆ ಅದರ ಹಲವು ಪಟ್ಟು, ಮೇಲೆ ವಿಮೆ, ಬಾಡಿಗೆ. ಇಲ್ಲಿಯ ಬಾಡಿಗೆಯಲ್ಲಿ ದಾವಣಗೆರೆಯಲ್ಲಿ ಒಂದು ಸಂಸಾರ ನಡೆಯುತ್ತದೆ. ಕ್ವಾರ್ಟರಿಗೆ ಕನಿಷ್ಠ 12 ಯೂನಿಟ್ ಓದಲೇಬೇಕು, ಆ ಲೆಕ್ಕಕ್ಕೆ ಆನ್‌ಲೈನ್ ತರಗತಿ ಒಂದೇ ಒಂದು ಸೇರುತ್ತದೆ. ಕ್ಯಾಂಪಸ್ ಒಳಗೆ ವಾರಕ್ಕೆ 20 ಗಂಟೆ ಕೆಲಸ, ಅದರಲ್ಲಿ ಕಾಫಿ ಖರ್ಚು ಹುಟ್ಟಬಹುದು. ಯುಸಿಗೆ ಹೋದ ಮೇಲೆ ಹೊರಗಿನವರ ಹೆಚ್ಚುವರಿ ಶುಲ್ಕವೇ ವರ್ಷಕ್ಕೆ 37 ಸಾವಿರ ಡಾಲರ್ ಮೀರುತ್ತದೆ.

ಇನ್ನೊಂದು ತೊಡಕಿದೆ. ಅಕೌಂಟಿಂಗ್ ಸಾಮಾನ್ಯವಾಗಿ ಸ್ಟೆಮ್ (ವಿಜ್ಞಾನ, ತಂತ್ರಜ್ಞಾನ, ಎಂಜಿನಿಯರಿಂಗ್, ಗಣಿತ) ಪಟ್ಟಿಯಲ್ಲಿಲ್ಲ. ಓದು ಮುಗಿದ ಮೇಲೆ ಒಪಿಟಿ ಎಂಬ ತಾತ್ಕಾಲಿಕ ಅನುಮತಿಯಲ್ಲಿ ಕೆಲಸ ಮಾಡಲು ಸಿಗುವುದು 12 ತಿಂಗಳು ಮಾತ್ರ, ಎಂಜಿನಿಯರಿಂಗ್‌ನವರಿಗೆ ಸಿಗುವ ಹೆಚ್ಚುವರಿ 24 ತಿಂಗಳು ನಿಮಗಿಲ್ಲ. ಮನೆಯವರು ಜಮೀನು ಅಡವಿಟ್ಟು ಸಾಲ ಮಾಡುವ ಮಾತಾಡುತ್ತಿದ್ದರೆ, ಬೇಡ. ಅಲ್ಲೇ ಬಿ.ಕಾಂ., ಸಿಎ ಓದಿ. ಸಲಹೆಗಾರ ರಾಯರ ಮಾತು ನಿಮ್ಮ ಪಾಲಿಗೆ ಸರಿಯಾಗಿದೆ.

ಬೇಡದ ಸಲಹೆಗಾರ

ಒಬ್ಬರಿಗಾದರೂ ಬೇಕಾದೆನಲ್ಲ.

ಮೈಸೂರು ಬಿ.ಕಾಂ.

ನಡುವೆ ಬಾಯಿ ಹಾಕುತ್ತಿದ್ದೇನೆ. ನಾನು ಮೈಸೂರಿನಲ್ಲಿ ಮೂರು ವರ್ಷದ ಬಿ.ಕಾಂ. ಮಾಡಿ, ಮದುವೆಯಾಗಿ ಇಲ್ಲಿಗೆ ಬಂದವಳು. ಎಚ್-4. ಮಕ್ಕಳು ಶಾಲೆಗೆ ಹೋಗುತ್ತಾರೆ. ನಾನೂ ಕಮ್ಯುನಿಟಿ ಕಾಲೇಜು ಸೇರಿ ಸಾಂಟಾ ಬಾರ್ಬರಾದಂಥ ಕಡೆ ಟ್ರಾನ್ಸ್‌ಫರ್ ಆಗಬಹುದೇ?

ಎರಡನೇ ಬೆಂಚು

ಅಕ್ಕ, ಈಗಾಗಲೇ ಪದವಿ ಇರುವವರನ್ನು ಯುಸಿಗಳು ಎರಡನೇ ಪದವಿಗೆ ತೆಗೆದುಕೊಳ್ಳುವುದು ತೀರಾ ಅಪರೂಪ. ನಿಮಗೆ ಟ್ರಾನ್ಸ್‌ಫರ್ ಬೇಕಾಗಿಯೂ ಇಲ್ಲ. ನನ್ನ ತರಗತಿಯಲ್ಲಿ ನಿಮ್ಮಂಥವರು ಎಷ್ಟೋ ಜನ ಇದ್ದರು: ಹಿಂದಿನ ಬೆಂಚಿನಲ್ಲಿ ಡಬ್ಬಿ ಇಟ್ಟುಕೊಂಡು, ಮಗುವಿನ ಶಾಲೆ ಬಿಡುವ ಹೊತ್ತಿಗೆ ಎದ್ದು ಓಡುವವರು. ಪರೀಕ್ಷೆಯಲ್ಲಿ ನಮಗಿಂತ ಮುಂದೆ ಅವರೇ. ನಿಮ್ಮ ಬಿ.ಕಾಂ. ಅಂಕಪಟ್ಟಿಗಳನ್ನು ಮೌಲ್ಯಮಾಪನ ಸಂಸ್ಥೆಗೆ ಕಳಿಸಿ, ರಾಜ್ಯ ಮಂಡಳಿಗೆ ಎಷ್ಟು ಯೂನಿಟ್ ಲೆಕ್ಕಕ್ಕೆ ಬರುತ್ತದೆ ಎಂದು ತಿಳಿದುಕೊಳ್ಳಿ. ಕೊರತೆ ಬಿದ್ದ ಕೋರ್ಸ್‌ಗಳನ್ನಷ್ಟೇ ಕಮ್ಯುನಿಟಿ ಕಾಲೇಜಿನಲ್ಲಿ ಓದಿ.

ತಾಳೆಪಟ್ಟಿ

ಸರಿಯಾಗಿ ಹೇಳಿದಳು. ಒಂದು ಸೇರಿಸುತ್ತೇನೆ: ಎಚ್-4ರಲ್ಲಿ ಓದಲು ಅಡ್ಡಿಯಿಲ್ಲ, ಸಂಬಳದ ಕೆಲಸಕ್ಕೆ ಇಎಡಿ ಎಂಬ ಅನುಮತಿ ಪತ್ರ ಬೇಕು. ಯಜಮಾನರ ಐ-140 (ಗ್ರೀನ್ ಕಾರ್ಡ್‌ಗಾಗಿ ಹಾಕುವ ಅರ್ಜಿ) ಮಂಜೂರಾಗಿದ್ದರೆ 2015ರ ನಿಯಮದಂತೆ ಪತ್ನಿಗೆ ಅದು ಸಿಗುತ್ತದೆ. ಮಕ್ಕಳಿಗೆ ಸಿಗುವುದಿಲ್ಲ. ಸನ್ನಿವೇಲ್ ಮೇಡಂ, ಇದು ನಿಮಗೂ ಸಂಬಂಧಿಸಿದ್ದು.

ಸನ್ನಿವೇಲ್ ತಾಯಿ

ಅಂದರೆ ಇಂಟರ್ನ್‌ಶಿಪ್‌ಗೆ ಹೋಗಲಾಗುವುದಿಲ್ಲವೇ? ನಾವು ಇದನ್ನು ಯೋಚಿಸಿಯೇ ಇರಲಿಲ್ಲ. ಇಪ್ಪತ್ತೊಂದು ತುಂಬಿದರೆ ಎಚ್-4 ಹೋಗುತ್ತದೆ ಎಂಬುದೊಂದೇ ತಲೆಯಲ್ಲಿತ್ತು.

ತಾಳೆಪಟ್ಟಿ

ಅಕೌಂಟಿಂಗ್‌ನಲ್ಲಿ ನೌಕರಿ ಸಿಗುವ ಬಾಗಿಲೇ ಇಂಟರ್ನ್‌ಶಿಪ್. ದೊಡ್ಡ ಆಡಿಟ್ ಸಂಸ್ಥೆಗಳು ಕೊನೆಯ ವರ್ಷಕ್ಕೆ ಮೊದಲಿನ ಬೇಸಿಗೆಯಲ್ಲಿ ಬಂದ ಇಂಟರ್ನ್‌ಗಳಿಗೇ ಕೆಲಸ ಕೊಟ್ಟುಬಿಡುತ್ತವೆ. ಆ ಇಂಟರ್ನ್‌ಗಳ ಆಯ್ಕೆಯೂ ತಿಂಗಳುಗಟ್ಟಲೆ ಮೊದಲು ಆಗಿಹೋಗಿರುತ್ತದೆ. ಮೊದಲ ವರ್ಷದಿಂದ ಅಲ್ಲಿರುವವರಿಗೆ ತಯಾರಾಗಲು ಎರಡು ವರ್ಷ. ಟ್ರಾನ್ಸ್‌ಫರ್ ಆಗಿ ಬಂದವರಿಗೆ ಹಾಸಿಗೆ ಬಿಚ್ಚುವ ಮುಂಚೆಯೇ ಸಂದರ್ಶನ. ಅರ್ಜಿಯಲ್ಲಿ ನಮಗೆ ಕಾಣುವುದು ಕಮ್ಯುನಿಟಿ ಕಾಲೇಜಿನ ಅಂಕ ಮಾತ್ರ, ಹೊಸ ಕ್ಯಾಂಪಸ್‌ನ ಅಂಕ ಇನ್ನೂ ಬಂದೇ ಇರುವುದಿಲ್ಲ. ಆದ್ದರಿಂದ ಸೀಟಿನಷ್ಟೇ ಗಮನ ಇದಕ್ಕೂ ಕೊಡಿ.

ವೀಸಾ ವಿಚಾರ: ಎಫ್-1ಗೆ ಬದಲಾದರೆ ಒಂದು ಶೈಕ್ಷಣಿಕ ವರ್ಷದ ಬಳಿಕ ಸಿಪಿಟಿಯಲ್ಲಿ (ಓದಿನ ಭಾಗವಾಗಿ ಕೆಲಸ ಮಾಡುವ ಅನುಮತಿ) ಸಂಬಳದ ಇಂಟರ್ನ್‌ಶಿಪ್ ಮಾಡಬಹುದು. ಆದರೆ ಎಚ್-4ರಲ್ಲಿರುವಾಗ ನಿವಾಸಿ ಶುಲ್ಕಕ್ಕೆ ಇರುವ ಅರ್ಹತೆ ಎಫ್-1ರಲ್ಲಿ ಕೈತಪ್ಪಬಹುದು. ಮೇಲೆ ಹೇಳಿದ 37 ಸಾವಿರದ ಮಾತು ನಿಮ್ಮ ಮನೆಗೂ ಬರುವುದು ಇಲ್ಲಿ. ಯಾವಾಗ ಬದಲಾಗಬೇಕು ಎಂಬುದನ್ನು ವಲಸೆ ವಕೀಲರನ್ನೂ, ಸೇರಲಿರುವ ಕ್ಯಾಂಪಸ್‌ನ ರೆಸಿಡೆನ್ಸಿ ವಿಭಾಗವನ್ನೂ ಕೇಳಿಯೇ ತೀರ್ಮಾನಿಸಿ. ಸ್ಯಾನ್ ಹೊಸೆ ಸ್ಟೇಟ್ ಬಗ್ಗೆ ನಾನು ಮತ್ತೆ ಮತ್ತೆ ಹೇಳುವುದಕ್ಕೆ ಇದೂ ಒಂದು ಕಾರಣ. ಮನೆಯಿಂದ ಹೋಗಿಬಂದರೆ ವಸತಿ ಖರ್ಚಾದರೂ ಉಳಿಯುತ್ತದೆ. ಅಲ್ಲಿಗೆ ಎಡಿಟಿ ಎಂಬ ಅಸೋಸಿಯೇಟ್ ಪದವಿ ಪಡೆದು ಹೋಗುವ ದಾರಿಯಿದೆ. ಅದು ಸ್ಯಾನ್ ಹೊಸೆ ಸ್ಟೇಟ್ ಸೇರಿದ ಕ್ಯಾಲ್ ಸ್ಟೇಟ್ ವ್ಯವಸ್ಥೆಯೊಳಗೆ ಎಲ್ಲೋ ಒಂದು ಕಡೆ ಸೀಟು ಖಚಿತಪಡಿಸುತ್ತದೆಯೇ ಹೊರತು ಇಂಥದೇ ಕ್ಯಾಂಪಸ್‌ನಲ್ಲಿ ಎಂದಲ್ಲ.

ಎರಡನೇ ಬೆಂಚು

ಸರ್ ಹೇಳಿದ್ದು ಅಕ್ಷರಶಃ ನಿಜ. ನಾನು ಬಂದ ಕ್ವಾರ್ಟರ್‌ನಲ್ಲೇ ಸಂಸ್ಥೆಗಳವರು ಬಂದು ನಿಂತಿದ್ದರು. ಸುತ್ತ ಎಲ್ಲರೂ ಬೀಟಾ ಆಲ್ಫಾ ಸೈ ಎಂಬ ಅಕೌಂಟಿಂಗ್ ವಿದ್ಯಾರ್ಥಿ ಸಂಘದ ಬಿಲ್ಲೆ ಚುಚ್ಚಿಕೊಂಡವರು, ನನಗೆ ಲೈಬ್ರರಿಯ ದಾರಿಯೂ ತಿಳಿದಿರಲಿಲ್ಲ. ನನ್ನನ್ನು ಕಾಪಾಡಿದ್ದು ವೀಟಾ. ಕಡಿಮೆ ಆದಾಯದವರಿಗೆ ಉಚಿತವಾಗಿ ತೆರಿಗೆ ವಿವರ ತುಂಬಿಕೊಡುವ, ಇಲ್ಲಿನ ತೆರಿಗೆ ಇಲಾಖೆಯ (ಐಆರ್‌ಎಸ್) ಕಾರ್ಯಕ್ರಮ ಅದು. ಅವರದೇ ಪರೀಕ್ಷೆ ಪಾಸಾದರೆ ಯಾರು ಬೇಕಾದರೂ ಸ್ವಯಂಸೇವಕರಾಗಬಹುದು. ಸಂಬಳವಿಲ್ಲ, ಹಾಗಾಗಿ ನಿಮ್ಮ ಮಗನಿಗೂ ತೊಂದರೆಯಿಲ್ಲ.

ಫೆಬ್ರವರಿಯ ಶನಿವಾರಗಳಲ್ಲಿ ಸಮುದಾಯ ಭವನದ ಮಡಚುವ ಮೇಜಿನ ಎದುರು ಕುಳಿತಿರುತ್ತಿದ್ದೆವು. ಒಬ್ಬಾಕೆ ಬಟ್ಟೆಯ ಚೀಲದಿಂದ ಮೂರು ಕೆಲಸಗಳ ಮೂರು ಡಬ್ಲ್ಯು-2 (ವರ್ಷದ ಸಂಬಳದ ವಿವರಪತ್ರ) ತೆಗೆದು ಮೇಜಿನ ಮೇಲಿಟ್ಟರು. ಒಂದು ಎಣ್ಣೆಯಲ್ಲಿ ನೆಂದು ಅಂಕಿಯೇ ಕಾಣುತ್ತಿರಲಿಲ್ಲ. ಆ ಉದ್ಯೋಗದಾತರಿಂದ ಇನ್ನೊಂದು ಪ್ರತಿ ತರಿಸಿ, 1040 ತೆರಿಗೆ ನಮೂನೆ ತುಂಬಿ, ಆಕೆಗೆ ವಾಪಸು ಬರಬೇಕಾದ ಹಣ ಎಷ್ಟು ಎಂದು ತೋರಿಸುವವರೆಗೆ ಮೂರು ವಾರ ಹಿಡಿಯಿತು. ಸಂದರ್ಶನದಲ್ಲಿ ಕೇಳಿದ್ದು ಅದೊಂದನ್ನೇ. ಅರ್ಜಿಯ ಕಡ್ಡಾಯ ಪ್ರಶ್ನೆಗೂ ನಾನು ಅದನ್ನೇ ಬರೆದಿದ್ದೆ. ಹೆಚ್ಚಿನ ಕಡೆ ಸ್ವಯಂಸೇವಕರ ಹೆಸರು ನೋಂದಣಿ ಚಳಿಗಾಲಕ್ಕೆ ಮೊದಲೇ ನಡೆಯುತ್ತದೆ, ಈಗಲೇ ವಿಚಾರಿಸಲಿ.

ಆಂಟಿ, ಇನ್ನೊಂದು. ಸಾಂಟಾ ಬಾರ್ಬರಾದಲ್ಲಿ ಸೀಟು ಸಿಕ್ಕ ಕೂಡಲೇ ಮೇಜರ್ ಸಿಕ್ಕಿತು ಎಂದಲ್ಲ. ಮೊದಲು ಪ್ರೀ-ಮೇಜರ್ ಆಗಿ ಸೇರಬೇಕು, ಅವರು ಕೇಳುವ ಜಿಪಿಎ ಮಿತಿ ದಾಟಿದ ಮೇಲೆ ಪೂರ್ಣ ಮೇಜರ್. ಟ್ಯಾಗ್ ಬಂತೆಂದು ವಸಂತದಲ್ಲಿ ಕೈಚೆಲ್ಲಿ ಕುಳಿತವರಿಗೆ ಅಲ್ಲಿ ಕಷ್ಟವಾಗುತ್ತದೆ.

ಸನ್ನಿವೇಲ್ ತಾಯಿ

ನಿನ್ನೆ ರಾತ್ರಿ ಊಟವಾದ ಮೇಲೆ ಅಸಿಸ್ಟ್ ಹಾಳೆಗಳನ್ನು ಹರಡಿಕೊಂಡು ಕುಳಿತೆವು. ಯಜಮಾನರೇ ಕೆಂಪು ಪೆನ್ನು ಹಿಡಿದರು. ಹಾಸ್ ಹಾಳೆಯಲ್ಲೂ ಸಾಂಟಾ ಬಾರ್ಬರಾ ಹಾಳೆಯಲ್ಲೂ ಕೆಂಪಾದದ್ದು ಕ್ಯಾಲ್ಕುಲಸ್ ಎರಡನೇ ಭಾಗ ಮತ್ತು ಸ್ಟಾಟಿಸ್ಟಿಕ್ಸ್. ಟ್ಯಾಗ್ ಸಾಂಟಾ ಬಾರ್ಬರಾಗೆ ಹಾಕುವುದು, ಜೊತೆಗೆ ಯುಸಿಎಲ್‌ಎ, ಸ್ಯಾನ್ ಹೊಸೆ ಸ್ಟೇಟ್, ಯಜಮಾನರ ಸಮಾಧಾನಕ್ಕೆ ಬರ್ಕ್ಲಿ ಎಂದಾಯಿತು. ಯುಸಿಗೆ ಕ್ಯಾಂಪಸ್ ಒಂದಕ್ಕೆ 80 ಡಾಲರ್ ಅರ್ಜಿ ಶುಲ್ಕ ಎಂದಾಗ "ಬರ್ಕ್ಲಿಗೆ ನಾನು ಕೊಡುತ್ತೇನೆ" ಎಂದರು. ಉಳಿದದ್ದನ್ನೆಲ್ಲ ಯಾರು ಕೊಡುವವರೋ ಕೇಳಲಿಲ್ಲ. ವಕೀಲರ ಭೇಟಿ ಮುಂದಿನ ವಾರ.

ಈಗೊಂದು ಹೊಸ ಸಮಸ್ಯೆ. ಅಕೌಂಟಿಂಗ್ 1ಬಿ ತರಗತಿಗಳೆಲ್ಲ ಭರ್ತಿಯಾಗಿವೆ. ಮಗ ವೇಯ್ಟ್‌ಲಿಸ್ಟ್‌ನಲ್ಲಿ ಏಳನೆಯವನು. 1ಬಿಯನ್ನು ಚಳಿಗಾಲಕ್ಕೆ, 1ಸಿಯನ್ನು ವಸಂತಕ್ಕೆ ಹಾಕಿದರೆ ಆಗದೇ?

ತಾಳೆಪಟ್ಟಿ

ಆಗುತ್ತದೆ, ವಸಂತದೊಳಗೆ ಮುಗಿದರೆ ಸಾಕು. ಆದರೆ ಜನವರಿಯ ಅಪ್‌ಡೇಟ್‌ನಲ್ಲಿ ತೋರಿಸಲು ಅಕೌಂಟಿಂಗ್‌ನ ಒಂದೇ ಅಂಕ ಇರುತ್ತದೆ, ವಸಂತದಲ್ಲಿ ಒಂದು ಕೋರ್ಸ್ ಕೆಟ್ಟರೆ ಸರಿಪಡಿಸಲು ಸಮಯವೂ ಇರುವುದಿಲ್ಲ. ಸುಮ್ಮನೆ ಬಿಟ್ಟುಕೊಡಬೇಡಿ. ಸಂಜೆಯ ತರಗತಿ ಮತ್ತು ಆನ್‌ಲೈನ್ ವಿಭಾಗವನ್ನೂ ನೋಡಲಿ. ಎಚ್-4ರವರಿಗೆ ಆನ್‌ಲೈನ್ ಮಿತಿ ಇಲ್ಲ.

ಎರಡನೇ ಬೆಂಚು

ಏಳನೆಯ ಸ್ಥಾನ ಎಂದರೆ ಹೆದರಬೇಕಾಗಿಲ್ಲ ಆಂಟಿ. ಶುಲ್ಕ ಕಟ್ಟದವರ ಹೆಸರು ಬಿಟ್ಟುಹೋಗುತ್ತದೆ, ಮೊದಲ ವಾರದ ಮನೆಪಾಠ ನೋಡಿಯೇ ಕೆಲವರು ಓಡಿಹೋಗುತ್ತಾರೆ. ಮೊದಲ ದಿನ ತರಗತಿಗೆ ತಪ್ಪದೆ ಹೋಗಿ ಮುಂದಿನ ಸಾಲಿನಲ್ಲಿ ಕುಳಿತು, ಮುಗಿದ ಮೇಲೆ ಅಧ್ಯಾಪಕರ ಬಳಿ ಹೆಸರು ಹೇಳಲಿ. ತರಗತಿಗೆ ಸೇರಲು ಬೇಕಾದ ಆಡ್ ಕೋಡ್ ಕೊಡುವುದು ಅವರೇ. ಹಿಂದಿನ ರಾತ್ರಿಯೇ ಒಂದು ಇಮೇಲ್ ಕೂಡ ಕಳಿಸಿರಲಿ, ನಾಲ್ಕು ಸಾಲು ಸಾಕು.

ಸಾಗರದ ಅಜ್ಜ

ಮೊಮ್ಮಗಳೂ ಅದೇ 1ಬಿ ಪಟ್ಟಿಯಲ್ಲಿದ್ದಾಳೆ, ನಾಲ್ಕನೆಯವಳು. ಇಬ್ಬರೂ ಒಟ್ಟಿಗೆ ಹೋಗಲಿ.